ಮುಂದಿನ ಎರಡು ಗಾಲಿ

ಎರಡು ವರ್ಷದ ಹಿಂದಿನ ಮಾತು. ಸರ್ಕಾರಿ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ನಾನು ಶಿಗ್ಗಾಂವಿಯಲ್ಲಿ, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಗೆ, ಸ್ವಂತ ಗ್ಯಾರೇಜ್ ಇಟ್ಟು ಆಗ ನಾಲ್ಕನೇ ವರ್ಷ. ತಗಡಿನ ಶೆಡ್ಡು, ಗಾಡಿಯ ಕೆಳಗೆ ಇಳಿಯಲು ಒಂದು ಗುಂಡಿ, ಒಂದು ಕಂಪ್ರೆಸರ್, ‘ಈರಣ್ಣ ಬ್ರೇಕ್ ವರ್ಕ್ಸ್’ ಎಂದು ಬರೆಸಿದ ಬೋರ್ಡು. ಲಾರಿಯ ಬ್ರೇಕ್ ಬಿಟ್ಟರೆ ಬೇರೆ ಕೆಲಸ ನಾನು ಹಿಡಿಯುವುದಿಲ್ಲ. ಎಂಜಿನ್ ರಿಪೇರಿ ಎಂದು ಬಂದವನಿಗೆ ಮುಂದಿನ ಶೆಡ್ಡು ತೋರಿಸುತ್ತೇನೆ. ನನ್ನ ಹೆಂಡತಿ ಇದನ್ನು ಸೊಕ್ಕು ಎನ್ನುತ್ತಾಳೆ. ಹೌದು, ಬ್ರೇಕಿನ ವಿಷಯದಲ್ಲಿ ನನಗೆ ಸೊಕ್ಕು ಇತ್ತು, ಈಗಲೂ ಇದೆ. ಆ ಸೊಕ್ಕಿನಲ್ಲಿ ಒಮ್ಮೆ ಒಬ್ಬ ಡ್ರೈವರನ ಅನ್ನಕ್ಕೆ ಕಲ್ಲು ಹಾಕಿದ್ದೆ. ಬರೆಯಲು ಕುಳಿತಿದ್ದು ಅದನ್ನೇ.

ಡ್ರೈವರನ ಹೆಸರು ಮಾಬೂಸಾಬ. ಸವಣೂರಿನವನು, ಹೆಚ್ಚು ಕಡಿಮೆ ನನ್ನ ವಯಸ್ಸಿನವನೇ. ಹಾನಗಲ್ ದಾಟಿ ನಾಲ್ಕು ಕಿಲೋಮೀಟರ್ ಹೋದರೆ ಸಿಗುವ ಊರಿನ ಚನ್ನಬಸಪ್ಪ ಸಾವ್ಕಾರರ ಲಾರಿಯನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದ. ಸಾವ್ಕಾರರದು ಗೋವಿನಜೋಳದ ವ್ಯಾಪಾರ. ಹಿರೇಕೆರೂರು, ಹಂಸಭಾವಿ ಕಡೆ ಜೋಳ ಖರೀದಿ ಮಾಡಿ ಹುಬ್ಬಳ್ಳಿ ಹತ್ತಿರದ ಕೋಳಿ ಆಹಾರದ ಫ್ಯಾಕ್ಟರಿಗೆ ಕಳಿಸುವುದು, ಬರುವಾಗ ಅದೇ ಗಾಡಿಯಲ್ಲಿ ಕೋಳಿ ಆಹಾರದ ಚೀಲ ತುಂಬಿಸಿ ತರಿಸುವುದು. ಆರು ಗಾಲಿಯ ಲಾರಿ. ಮುಂದೆ ಒಂದೊಂದು, ಹಿಂದೆ ಜೋಡಿ ಜೋಡಿ. ಗಾಲಿ ಆರಾದರೂ ಬ್ರೇಕ್ ಡ್ರಮ್ ನಾಲ್ಕೇ.

ಆ ವರ್ಷ ಮಹಾನವಮಿ ಅಮಾವಾಸ್ಯೆ ಮುಗಿದ ಮೂರನೇ ದಿನ ಮಾಬೂಸಾಬ ಗಾಡಿ ತಂದ. ವೇಗ ಕಡಿಮೆ ಮಾಡಲು ಬ್ರೇಕ್ ತುಳಿದರೆ ಸ್ಟೇರಿಂಗ್ ಕೈಯಲ್ಲಿ ಥರಥರ ನಡುಗುತ್ತದೆ, ಕ್ಯಾಬಿನ್ನಿನ ಗಾಜೂ ಗಡಗಡ ಎನ್ನುತ್ತದೆ ಎಂದ. ನಡುಕಕ್ಕೆ ಕಾರಣ ಹತ್ತು ಇರುತ್ತವೆ. ಕಿಂಗ್‌ಪಿನ್ ಸವೆದಿರಬಹುದು, ಸ್ಪ್ರಿಂಗ್ ಪಟ್ಟಿಯ ಯು-ಬೋಲ್ಟ್ ಸಡಿಲಾಗಿರಬಹುದು, ಬೇರಿಂಗ್ ಹೋಗಿರಬಹುದು, ಡ್ರಮ್ ಸೊಟ್ಟಾಗಿರಬಹುದು. ಪಾನಾ ಹಿಡಿಯುವ ಮೊದಲು ಗಾಡಿ ಹತ್ತಿ ಕೂರಬೇಕು, ಇದು ನಾನು ಡಿಪೋದಲ್ಲಿ ಕಲಿತದ್ದು.

ಬಂಕಾಪುರದ ಕಡೆ ಖಾಲಿ ರಸ್ತೆಯಲ್ಲಿ ಐವತ್ತರ ವೇಗಕ್ಕೆ ಒಯ್ಯಲು ಹೇಳಿದೆ. ಮೊದಲು ಬ್ರೇಕ್ ಮುಟ್ಟದೆ ಗೇರ್ ಇಳಿಸಿ ನಿಧಾನ ಮಾಡಿಸಿದೆ. ನಡುಕವಿಲ್ಲ. ನ್ಯೂಟ್ರಲ್ ಮಾಡಿ ಬಿಡಿಸಿದೆ. ಇಲ್ಲ. ಮೂರನೇ ಸಲ ಹ್ಯಾಂಡ್‌ಬ್ರೇಕಿನ ಲಿವರನ್ನು ನಾನೇ ಸ್ವಲ್ಪ ಸ್ವಲ್ಪ ಎಳೆದೆ. ಅದು ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಗಾಡಿ ಬೆಣ್ಣೆಯಂತೆ ನಿಧಾನವಾಯಿತು. ನಾಲ್ಕನೆಯದಕ್ಕೆ ಕಾಲಿನ ಬ್ರೇಕ್ ತುಳಿ ಎಂದೆ. ಸ್ಟೇರಿಂಗ್ ಜ್ವರ ಬಂದವರ ಕೈಯಂತೆ ನಡುಗಿತು. ಹಿಂದಿನದು ಸರಿ ಇದೆ, ದೋಷ ಮುಂದಿನ ಬ್ರೇಕಿನಲ್ಲಿದೆ ಎಂದು ಅಲ್ಲೇ ಹೇಳಿದೆ. ಮಾತು ಸರಿಯಾಗಿಯೇ ಇತ್ತು.

ಗ್ಯಾರೇಜಿಗೆ ಬಂದು ಮುಂದಿನ ಎರಡು ಗಾಲಿ ಬಿಚ್ಚಿದೆ. ಡ್ರಮ್ ಎಂದರೆ ಗಾಲಿಯ ಜೊತೆ ತಿರುಗುವ ಎರಕದ ಕಬ್ಬಿಣದ ದಪ್ಪ ಬೋಗುಣಿ. ಬ್ರೇಕ್ ತುಳಿದಾಗ ಒಳಗಿನ ಲೈನರ್‌ಗಳು ಅಗಲವಾಗಿ ಅದರ ಗೋಡೆಗೆ ಒತ್ತುತ್ತವೆ. ಗೋಡೆ ದುಂಡಗಿದ್ದರೆ ಗಾಡಿ ಸುಮ್ಮನೆ ನಿಲ್ಲುತ್ತದೆ. ಇವೆರಡೂ ದುಂಡಗಿರಲಿಲ್ಲ. ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಮುಳ್ಳು ಅರ್ಧ ಮಿಲಿಮೀಟರಿಗಿಂತ ಹೆಚ್ಚು ಓಡಾಡಿತು. ಗೋಡೆಯ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು. ವಿಪರೀತ ಕಾದ ಡ್ರಮ್ಮಿನ ಲಕ್ಷಣ ಅದು. ಲೇಥಿನಲ್ಲಿ ತುಸು ಕೆತ್ತಿಸಿ ದುಂಡಗೆ ಮಾಡಿಸಿ ಕಳಿಸಿದೆ.

ದೀಪಾವಳಿ ಅಮಾವಾಸ್ಯೆ ಕಳೆಯುತ್ತಲೇ ಗಾಡಿ ಮತ್ತೆ ಬಂತು. ಅದೇ ನಡುಕ. ಕೆತ್ತಿಸಿದ ಡ್ರಮ್ ತೆಳುವಾಗಿರುತ್ತದೆ, ಬೇಗ ಸೊಟ್ಟಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದಿನ ಎರಡಕ್ಕೂ ಹೊಸ ಡ್ರಮ್ ಹಾಕಿದೆ. ಎಳ್ಳ ಅಮಾವಾಸ್ಯೆ ಮುಗಿದ ವಾರದಲ್ಲಿ ಮೂರನೇ ಸಲ ಬಂತು. ಹೊಸ ಡ್ರಮ್ಮಿನ ಮೇಲೂ ನೀಲಿ ಕಲೆ. ನನ್ನ ಪಿತ್ತ ನೆತ್ತಿಗೇರಿತು. ಈರಣ್ಣ ಹಾಕಿದ ಡ್ರಮ್ ಎರಡು ತಿಂಗಳು ಬಾಳದೆ ಹೋದರೆ ಹೆದ್ದಾರಿಯ ಜನ ಏನು ಮಾತಾಡಿಕೊಳ್ಳುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅದೇ ದಿನ ಲಾರಿ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಏಳೆಂಟು ಜನ ಮಾಲೀಕರು, ಡ್ರೈವರುಗಳು ಕುಳಿತಿದ್ದರು. ಚನ್ನಬಸಪ್ಪ ಸಾವ್ಕಾರರೂ ಇದ್ದರು. ಏನು ಈರಣ್ಣ, ನಿನ್ನ ಹೊಸ ಡ್ರಮ್ಮೂ ಹೋಯಿತಂತಲ್ಲ ಎಂದು ಯಾರೋ ಕಿಚಾಯಿಸಿದರು. ನಾನು ಚಹಾದ ಬಸಿ ಕೆಳಗಿಟ್ಟು ಅಂದೆ:

“ಡ್ರಮ್ ಹೋಗಿಲ್ಲ. ಮಾಬೂಸಾಬನ ಕಾಲು ಭಾರ ಐತಿ. ದಿನಾ ಬ್ರೇಕಿನ ಮ್ಯಾಲ ಕಾಲಿಟ್ಟು ಗಾಡಿ ಹೊಡದ್ರ ಬಂಗಾರದ ಡ್ರಮ್ ಹಾಕಿದ್ರೂ ಉಳಿಯೂದಿಲ್ಲ.”

ಎಲ್ಲರೂ ನಕ್ಕರು. ನನ್ನ ಮರ್ಯಾದೆ ಉಳಿಯಿತು, ಚಹಾ ಮುಗಿಸಿ ಎದ್ದು ಬಂದೆ.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಊಟ ಮುಗಿಸಿ ಶೆಡ್ಡಿನಲ್ಲಿ ಕುಳಿತಿದ್ದೆ. ಮಾಬೂಸಾಬ ಬೈಕಿನ ಮೇಲೆ ಬಂದ. ಗಾಡಿ ಇರಲಿಲ್ಲ. ಹಳೇ ಟೈರಿನ ಮೇಲೆ ಕುಳಿತ, ನೀರು ಕೊಟ್ಟರೆ ಕುಡಿಯಲಿಲ್ಲ. ತಿಂಗಳ ಕೊನೆಗೆ ಕೀಲಿ ಒಪ್ಪಿಸಿಬಿಡು ಎಂದು ಸಾವ್ಕಾರರು ಹೇಳಿದ್ದಾರೆ ಎಂದ. ಶಿಗ್ಗಾಂವಿಯ ಒಬ್ಬ ಮಾಲೀಕರನ್ನು, ಬಂಕಾಪುರದ ಇಬ್ಬರನ್ನು ಕೆಲಸ ಕೇಳಿ ಬಂದಿದ್ದನಂತೆ. ಮೂವರೂ ಒಂದೇ ಮಾತು ಹೇಳಿ ಕಳಿಸಿದ್ದಾರೆ: ನಿನ್ನ ಕಾಲು ಭಾರವಂತೆ. ಮೂವತ್ತು ವರ್ಷ ಲಾರಿ ನಡೆಸಿದವನಿಗೆ ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸ ಬರುತ್ತದೆ?

“ನೀವ ಹೇಳೀರಂತ. ಹೌದೇನ್ರಿ ಮಿಸ್ತ್ರಿ?”

ಸುಳ್ಳು ಹೇಳುವ ಜಾಯಮಾನ ನನ್ನದಲ್ಲ. ಹೌದು ಎಂದೆ. ತಪ್ಪಾಯಿತು ಎನ್ನುವ ಬುದ್ಧಿಯೂ ಆಗ ಬರಲಿಲ್ಲ. ಏರಿದ ದನಿಯಲ್ಲೇ ಡ್ರಮ್ ಸುಳ್ಳು ಹೇಳುವುದಿಲ್ಲ, ನೀಲಿ ಕಲೆ ನೀನೇ ನೋಡಿದ್ದೀ, ಕಾಯದೆ ಆ ಕಲೆ ಬರುವುದಿಲ್ಲ ಎಂದು ಪಾಠ ಶುರು ಮಾಡಿದೆ. ಅವನು ಪೂರಾ ಕೇಳಿಸಿಕೊಂಡ. ಆಮೇಲೆ ಎದ್ದು ನಿಂತು ನನ್ನ ಮುಖ ನೋಡಿ ಕೇಳಿದ:

“ಮುಂದಿನ ಡ್ರಮ್ ಹಂಗಂತಾವ. ಹಿಂದಿನ ಡ್ರಮ್ ಏನಂತಾವ್ರಿ?”

ಹಿಂದಿನ ಗಾಲಿಗಳನ್ನು ಮೂರೂ ಸಲ ನಾನು ಬಿಚ್ಚಿರಲೇ ಇಲ್ಲ. ಬಿಚ್ಚುವ ಅಗತ್ಯ ಏನಿತ್ತು? ದೋಷ ಮುಂದಿದೆ ಎಂದು ಮೊದಲ ದಿನವೇ ತೀರ್ಮಾನಿಸಿದ್ದೆನಲ್ಲ. ಆದರೆ ಬ್ರೇಕ್ ಪೆಡಲ್ ಒಂದೇ. ಅದರ ಮೇಲೆ ಸದಾ ಕಾಲಿಟ್ಟು ಗಾಡಿ ಹೊಡೆಯುವವನು ನಾಲ್ಕೂ ಡ್ರಮ್ ಸುಡುತ್ತಾನೆ. ಲೋಡು ಹಿಂದೆ ಕೂತಿರುತ್ತದೆ, ಹಾಗಾಗಿ ಹಿಂದಿನವಕ್ಕೂ ಕಾವು ಕಡಿಮೆ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಾಗ ಗಾಡಿ ಬೆಣ್ಣೆಯಂತೆ ನಿಧಾನವಾದದ್ದನ್ನು ಕಣ್ಣಾರೆ ಕಂಡವನು ನಾನು. ಮಾಬೂಸಾಬನ ಪರವಾದ ಸಾಕ್ಷಿ ಅಂದೇ ನನ್ನ ಕೈಯಲ್ಲಿತ್ತು. ಡಿಪೋದಲ್ಲಿ ಯಾವನಾದರೂ ಹೀಗೆ ಮಾಡಿದ್ದರೆ ನಾನು ಅವನ ನೀರಿಳಿಸುತ್ತಿದ್ದೆ.

ನಾಳೆ ಗಾಡಿ ತಾ ಎಂದೆ. ತಂದ. ನಾಲ್ಕೂ ಕಡೆ ಬಿಚ್ಚಿದೆ. ಹಿಂದಿನ ಡ್ರಮ್‌ಗಳು ಎರಡು ವರ್ಷದ ಹಳೆಯವು. ಒಳಗೆ ಒಂದು ಕಲೆಯಿಲ್ಲ, ಒಂದು ಬಿರುಕಿಲ್ಲ, ಮುಳ್ಳು ಅಲುಗಲಿಲ್ಲ. ಲೈನರ್ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಇಷ್ಟು ಹದವಾಗಿ ಬ್ರೇಕ್ ಹಿಡಿಯುವ ಕಾಲು ಈ ಹೆದ್ದಾರಿಯಲ್ಲಿ ಇನ್ನೆಷ್ಟು ಇದ್ದಾವು? ಹಾಗಾದರೆ ಮುಂದಿನವಕ್ಕೆ ಏನು ಬಡಿದಿದೆ? ಟಾರ್ಚ್ ಹಾಕಿ ಮುಂದಿನ ಡ್ರಮ್ಮಿನ ಹಿಂದಿರುವ ತಗಡಿನ ತಟ್ಟೆ ನೋಡಿದೆ. ಒಳಗೆ ನುಣ್ಣನೆಯ ಕಪ್ಪು ಮಣ್ಣು ಪದರ ಪದರವಾಗಿ ಒಣಗಿ ಅಂಟಿತ್ತು. ರಸ್ತೆಯ ಧೂಳು ಹಾಗಿರುವುದಿಲ್ಲ. ಬೆರಳಲ್ಲಿ ಕೆರೆದರೆ ಒಣಗಿದ ಪಾಚಿಯ ಎಳೆ ಬಂತು. ಹಿಂದಿನ ತಟ್ಟೆಗಳಲ್ಲಿ ಅದರ ಸುಳಿವೂ ಇರಲಿಲ್ಲ.

ಕೆಲಸದ ಡೈರಿ ತೆಗೆದೆ. ಗಾಡಿ ಬಂದ ಮೂರೂ ದಿನ ಬರೆದಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಕಪ್ಪು ಬೊಟ್ಟು ಇರುತ್ತದೆ. ಮೂರೂ ದಿನ ಕಪ್ಪು ಬೊಟ್ಟಿನ ಬೆನ್ನಿಗೇ ಇದ್ದವು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದ ಮಾಲೀಕರಿಲ್ಲ. ಅಮಾವಾಸ್ಯೆ ದಿನ ಗಾಡಿ ಎಲ್ಲಿ ತೊಳೆಯುತ್ತೀ ಎಂದು ಕೇಳಿದೆ.

ಮಾಬೂಸಾಬ ಅದನ್ನು ಬಿಡ್ರಿ ಎಂದ. ನಾನು ಬಿಡಲಿಲ್ಲ. ಕೊನೆಗೆ ಹೇಳಿದ. ಸಾವ್ಕಾರರ ತಾಯಿ ನೀಲವ್ವನವರು ಮನೆಗೆ ಮೊದಲ ಗಾಡಿ ಬಂದಾಗ ಹಾಕಿಕೊಟ್ಟ ಪದ್ಧತಿಯಂತೆ ಅದು. ಅಮಾವಾಸ್ಯೆ ದಿನ ಹೊತ್ತು ಮುಳುಗುವ ಮೊದಲು ಗಾಡಿ ಊರ ಕೆರೆಗೆ ಬರಬೇಕು, ಮುಂದಿನ ಎರಡು ಗಾಲಿ ನೀರಿಗೆ ಇಳಿದು ಗಂಗವ್ವನನ್ನು ಮುಟ್ಟಬೇಕು, ಆಮೇಲೆ ಪೂಜೆ. ಫ್ಯಾಕ್ಟರಿಯಲ್ಲಿ ಚೀಲ ತುಂಬುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿರುತ್ತದೆ. ಅಲ್ಲಿಂದ ಸಾವ್ಕಾರರ ಫೋನು ಶುರು: ಎಲ್ಲಿದ್ದೀ, ಎಲ್ಲಿಗೆ ಬಂದಿ. ತಿಂಗಳಲ್ಲಿ ಅದೊಂದು ದಿನ ತುಂಬಿದ ಗಾಡಿಯನ್ನು ಅವನು ಓಡಿಸುತ್ತಾನೆ. ಬಂಕಾಪುರದಿಂದ ಹಾನಗಲ್ಲಿನವರೆಗೆ ಊರಿಗೆ ಎರಡು ಹಂಪು, ಪ್ರತಿ ಹಂಪಿಗೂ ಬಿಗಿಯಾಗಿ ಬ್ರೇಕ್. ಡ್ರಮ್ ಕೆಂಡವಾಗಿರುವಾಗಲೇ ಗಾಡಿ ನೀರಿಗೆ. ಹಿಂದಿನವು ದಡದಲ್ಲೇ ನಿಧಾನವಾಗಿ ಆರುತ್ತವೆ, ಮುಂದಿನವು ತಟ್ಟನೆ ತಣಿದು ಕಲೆ, ಬಿರುಕು ಬಿಟ್ಟು ಸೊಟ್ಟಾಗುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿರುತ್ತದೆ, ಕೊಡದಲ್ಲಿ ನೀರು ತಂದು ಗಾಲಿಗೆ ಚಿಮುಕಿಸಿ ಮುಗಿಸುತ್ತಾರೆ. ಆಗ ನಡುಕವಿಲ್ಲ. ಹಿಂದಿನ ವರ್ಷಗಳಲ್ಲಿ ಫ್ಯಾಕ್ಟರಿಯ ಈ ಓಡಾಟ ಇರಲಿಲ್ಲ, ಅಮಾವಾಸ್ಯೆಗೆ ಗಾಡಿ ಬೆಳಗಿನಿಂದ ಮನೆ ಮುಂದೆಯೇ ನಿಂತಿರುತ್ತಿತ್ತು. ಆಗಲೂ ಇಲ್ಲ.

ಇಷ್ಟು ಗೊತ್ತಿದ್ದೂ ಬಾಯಿ ಬಿಡಲಿಲ್ಲ ಯಾಕೆ ಎಂದು ರೇಗಿದೆ.

“ನೀರಿನಿಂದ ಹಿಂಗಾಕ್ಕೇತಿ ಅಂತ ನನಗೂ ಸಂಶೆ ಇತ್ರಿ. ಆದ್ರ ಅದು ಅವರ ಪೂಜಾ. ನಾ ಹ್ಯಾಂಗ ಅನ್ಲಿ? ಹತ್ತೊಂಬತ್ತು ವರ್ಷ ಅವ್ವಾರು ನನ್ನ ಕೈಲೆ ತೆಂಗಿನಕಾಯಿ ಒಡಸ್ಯಾರ. ನೌಕರಿ ಉಳಿಸ್ಕೊಳ್ಳಾಕ ಅವರ ಪದ್ಧತಿ ಮ್ಯಾಲ ಹಾಕಿದಾ ಅನ್ನಿಸ್ಕೊಳ್ಳೂದು ಬ್ಯಾಡಾಗಿತ್ತು.”

ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನು ಅವನ ಕಾಲಿನ ಮೇಲೆ ಹಾಕಿದ್ದೆ. ಅವನು ಯಾರ ಮೇಲೂ ಹಾಕದೆ ಕೆಲಸ ಬಿಡಲು ತಯಾರಾಗಿದ್ದ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಜೀವನದಲ್ಲಿ ಎಂದೂ ಬಂದಿಲ್ಲ.

ಸಾವ್ಕಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೊದಲು ನೀನೇ ಡ್ರೈವರನ ತಪ್ಪು ಎಂದೆ, ಈಗ ನಮ್ಮ ಪೂಜೆಯ ತಪ್ಪು ಎನ್ನುತ್ತೀ, ನಾಳೆ ಯಾರದು ಎನ್ನುತ್ತೀ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಮತ್ತೆ ಎರಡು ಹೊಸ ಡ್ರಮ್ ಹಾಕಿ, ಎಳ್ಳ ಅಮಾವಾಸ್ಯೆಯ ಮರು ತಿಂಗಳು ಬರುವ ಅವರಾತ್ರಿ ಅಮಾವಾಸ್ಯೆಗಾಗಿ ಕಾದೆ. ಅದು ಮಾಬೂಸಾಬ ಕೀಲಿ ಒಪ್ಪಿಸಲು ಎರಡು ದಿನ ಮೊದಲು ಬಿತ್ತು. ಹುಬ್ಬಳ್ಳಿಯಿಂದ ತುಂಬಿಕೊಂಡು ಬಂದ ಗಾಡಿಯನ್ನು ಶಿಗ್ಗಾಂವಿಯಲ್ಲಿ ನಿಲ್ಲಿಸಿ ನಾನೂ ಹತ್ತಿದೆ. ಫೋನು ಬರುತ್ತಲೇ ಇತ್ತು. ಎಂದಿನಂತೆ ಹೊಡಿ ಎಂದೆ. ಹಾನಗಲ್ ದಾಟುವಷ್ಟರಲ್ಲಿ ಮುಂದಿನ ಗಾಲಿಗಳಿಂದ ಲೈನರ್ ಕಾದ ವಾಸನೆ ಕ್ಯಾಬಿನ್ನಿನೊಳಗೆ ಬರುತ್ತಿತ್ತು.

ಕೆರೆಯ ಏರಿಯ ಮೇಲೆ ಸಾವ್ಕಾರರು, ಪೂಜೆಯ ತಟ್ಟೆ ಹಿಡಿದು ನೀಲವ್ವನವರು, ಊರಿನ ಹತ್ತಾರು ಜನ ನಿಂತಿದ್ದರು. ನೀರಿಗೆ ಇಳಿಯುವ ಇಳಿಜಾರಿನ ಬಾಯಲ್ಲಿ ಗಾಡಿ ನಿಲ್ಲಿಸಲು ಹೇಳಿ ನಾನು ಕೆಳಗಿಳಿದೆ. ನೇರ ಬಂಪರಿನ ಮುಂದೆ ಹೋಗಿ, ಬೆನ್ನು ನೀರಿಗೆ ಮಾಡಿ ನಿಂತೆ.

ಹೊತ್ತು ಮುಳುಗುತ್ತದೆ, ಅಮಾವಾಸ್ಯೆ ದಿನ ಅಡ್ಡ ನಿಲ್ಲಬೇಡ, ಸರಿ ಎಂದು ಸಾವ್ಕಾರರು ಗದರಿದರು. ಸರಿಯುವುದಿಲ್ಲ ಎಂದೆ. ಜನ ಗುಸುಗುಸು ಶುರು ಮಾಡಿದರು. ನಮ್ಮ ಮನೆಯ ಪದ್ಧತಿಗೆ ತಪ್ಪು ಹುಡುಕಲು ನೀನು ಯಾರು ಎಂದು ಸಾವ್ಕಾರರು ಕೇಳಿದಾಗ ನನ್ನ ದನಿಯೂ ಏರಿತು.

“ಪದ್ಧತಿ ತಪ್ಪು ಅಂದಿಲ್ರಿ ಸಾವ್ಕಾರ್ರ. ಇದನ್ನ ಒಂದೀಟು ಆರಾಕ ಬಿಡ್ರಿ, ಆಮ್ಯಾಲ ಇಳಸ್ರಿ. ಹಂಗ ಮಾಡಿದ ಮ್ಯಾಲೂ ಗಾಡಿ ನಡುಗಿದ್ರ ನನ್ನ ಬೋರ್ಡ್ ಇಳಸ್ತೇನಿ. ಇವತ್ತು ಮಾತ್ರ ನಾ ಇಲ್ಲಿಂದ ಸರಿಯೂದಿಲ್ಲ.”

ನೀಲವ್ವನವರು ಎಂಬತ್ತು ದಾಟಿದ ಮುದುಕಿ. ತಟ್ಟೆಯನ್ನು ಮಗನ ಕೈಗೆ ಕೊಟ್ಟು ಇಳಿಜಾರಿನಲ್ಲಿ ನಿಧಾನವಾಗಿ ನನ್ನ ಹತ್ತಿರ ಬಂದರು. ಏನು ಆರಬೇಕು ತಮ್ಮಾ ಎಂದು ಕೇಳಿದರು. ಬಾಯಿಮಾತು ಸಾಕೆನಿಸಿ, ಪೂಜೆಗೆ ತಂದಿದ್ದ ತಂಬಿಗೆಯಿಂದ ನಾಲ್ಕು ಹನಿ ನೀರು ಬೆರಳಲ್ಲಿ ತೆಗೆದು ಗಾಲಿಯ ಕಿಂಡಿಯಿಂದ ಡ್ರಮ್ಮಿನ ಮೇಲೆ ಚಿಮುಕಿಸಿದೆ. ಚುಂಯ್ ಎಂದಿತು. ಕಿಂಡಿಯಿಂದ ಉಗಿ ಬಂತು. ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಹಿಂದಿನ ಎರಡು ಅಮಾವಾಸ್ಯೆಗೆ ಮುಳುಗಿದ್ದ ಹಳೆಯ ಡ್ರಮ್ ಒಂದನ್ನು ಕ್ಯಾಬಿನ್ನಿನಲ್ಲಿ ತಂದಿದ್ದೆ. ಅದನ್ನು ಇಳಿಸಿ, ಅವರ ಬೆರಳು ಹಿಡಿದು ಬಿರುಕಿನ ಮೇಲೆ ಆಡಿಸಿದೆ. ಅವರಿಗೆ ಗೇಜ್ ತೋರಿಸುವ ಅಗತ್ಯ ಬೀಳಲಿಲ್ಲ.

“ಇದು ರೊಟ್ಟಿ ಹಂಚಿನ ಹಣೇಬಾರ ಆತಲ್ಲೋ. ಕಾದ ಹಂಚಿಗೆ ತಣ್ಣೀರು ಸುರುವಿದ್ಲಂತ ಸಣ್ಣ ಸೊಸಿನ್ನ ಹೋದ ವರ್ಷ ನಾನ ಬೈದೇನಿ. ಗಂಗವ್ವನ್ನ ಮುಟ್ಟಸ್ರಿ ಅಂದಿದ್ದೆ, ಸುಟಗೊಂಡು ಬಂದಾಗ ಮುಟ್ಟಸ್ರಿ ಅಂದಿದ್ನೇನು?”

ಮಗನ ಕಡೆ ತಿರುಗಿದರು. ಇವತ್ತಿನ ಅಮಾವಾಸ್ಯೆ ಎಲ್ಲಿಗೂ ಓಡಿಹೋಗುವುದಿಲ್ಲ, ಗಾಡಿ ಆರಲಿ, ಅಲ್ಲಿಯವರೆಗೆ ಎಲ್ಲರೂ ಕುಳಿತುಕೊಳ್ಳಿ ಎಂದರು. ಕುಳಿತೆವು. ಹೊತ್ತು ಮುಳುಗಿತು, ಯಾರಿಗೂ ಏನೂ ಆಗಲಿಲ್ಲ. ಎರಡು ತಾಸಿನ ಮೇಲೆ ನಾನೇ ಡ್ರಮ್ ಮುಟ್ಟಿ ನೋಡಿ ಇಳಿಸು ಎಂದೆ. ಮಾಬೂಸಾಬ ಮುಂದಿನ ಎರಡು ಗಾಲಿ ನೀರಿಗೆ ಇಳಿಸಿ, ಹಿಂದೆ ತಂದು ನಿಲ್ಲಿಸಿ, ಎಂದಿನಂತೆ ಕಾಯಿ ಒಡೆದ.

ಮರುದಿನ ನಡುಕವಿಲ್ಲ. ಎರಡನೇ ದಿನವೂ ಇಲ್ಲ. ಸಾವ್ಕಾರರು ಮಾಬೂಸಾಬನನ್ನು ಕರೆದು, ಆದದ್ದಾಯಿತು, ಕೀಲಿ ನಿನ್ನ ಹತ್ತಿರವೇ ಇರಲಿ ಎಂದರಂತೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವರ ಲೆಕ್ಕ. ಮಾಬೂಸಾಬ ಮಾತ್ರ ಕೀಲಿಯನ್ನು ಅವರ ಮುಂದಿನ ಟೀಪಾಯಿ ಮೇಲಿಟ್ಟು ನಿಂತನಂತೆ. ಹತ್ತೊಂಬತ್ತು ವರ್ಷದಲ್ಲಿ ಅವನು ಸಾವ್ಕಾರರಿಗೆ ಎದುರಾಡಿದ್ದು ಅದೊಂದೇ ಸಲ.

“ಕಾಲು ಭಾರ ಅಂದದ್ದು ಸ್ಟ್ಯಾಂಡಿನ್ಯಾಗ್ರಿ. ಅಲ್ಲಂತ ಅನ್ನೂದು ಮನ್ಯಾಗ ಆದ್ರ ನನಗ ಸಾಲೂದಿಲ್ಲ.”

ಈ ಮಾತನ್ನು ನನಗೆ ತಲುಪಿಸಿದವರು ಸಾವ್ಕಾರರೇ. ಬೇಸರದಿಂದಲೇ ಹೇಳಿದರು. ನಾನು ಮರುದಿನ ಬೆಳಿಗ್ಗೆ ಅದೇ ಚಹಾದಂಗಡಿಗೆ ಹೋದೆ. ಸಾವ್ಕಾರರೂ ಮಾಬೂಸಾಬನನ್ನು ಕರೆದುಕೊಂಡು ಬಂದರು, ಬಂದು ಮೂಲೆಯಲ್ಲಿ ಕುಳಿತರು. ಹಿಂದಿನ ಸಲ ನಕ್ಕವರಲ್ಲಿ ಐದಾರು ಜನ ಇದ್ದರು, ಅವನಿಗೆ ಕೆಲಸ ಇಲ್ಲವೆಂದ ಶಿಗ್ಗಾಂವಿಯ ಮಾಲೀಕರೂ ಇದ್ದರು. ನಾನು ಕುಳಿತುಕೊಳ್ಳಲಿಲ್ಲ. ಮಾಬೂಸಾಬನ ಕಾಲು ಭಾರವಿಲ್ಲ, ಹಿಂದಿನ ಡ್ರಮ್ ಬಿಚ್ಚಿ ನೋಡದೆ ನಾನು ಮಾತಾಡಿದೆ, ತಪ್ಪು ನನ್ನದು ಎಂದು ಗಟ್ಟಿಯಾಗಿ ಹೇಳಿದೆ. ಒಬ್ಬ ನಕ್ಕ. ಯಾಕೆ ನಕ್ಕಿ ಎಂದು ಕೇಳಿದೆ. ಏನಿಲ್ಲ ಎಂದ. ಹಿಂದಿನ ಸಲಕ್ಕಿಂತ ಈ ಸಲ ಹೇಳುವುದು ಹತ್ತು ಪಟ್ಟು ಕಷ್ಟವಿತ್ತು, ಆದರೆ ಹಿಂದಿನ ಸಲದಷ್ಟೇ ಜೋರಾಗಿ ಹೇಳಿದೆ. ಆಮೇಲೆ ಸಾವ್ಕಾರರು ಎದ್ದು, ಎಲ್ಲರ ಮುಂದೆ ಮಾಬೂಸಾಬನ ಕೈಗೆ ಕೀಲಿ ಕೊಟ್ಟರು.

ಆ ಡ್ರಮ್‌ಗಳು ಈಗಲೂ ಅದೇ ಗಾಡಿಯಲ್ಲಿವೆ. ನನ್ನ ಬೋರ್ಡೂ ಇಳಿದಿಲ್ಲ. ಕಲಿತದ್ದು ಏನು ಎಂದು ಕೇಳಿದರೆ ಇಷ್ಟೇ: ಬ್ರೇಕಿನ ದೂರು ಎಂದು ಬಂದ ಗಾಡಿಯ ನಾಲ್ಕೂ ಡ್ರಮ್ ನಾನು ಬಿಚ್ಚುತ್ತೇನೆ. ಒಂದು ತಾಸು ಹೆಚ್ಚು ಹಿಡಿಯುತ್ತದೆ. ನಡುಕ ಮುಂದೆ ಇದೆಯಲ್ಲ, ಹಿಂದಿನದು ಯಾಕೆ ಎಂದು ಗಿರಾಕಿಗಳು ಗೊಣಗುತ್ತಾರೆ. ಒಲ್ಲದವನು ಬೇರೆ ಶೆಡ್ಡು ನೋಡಿಕೊಳ್ಳಲಿ. ಡ್ರೈವರನ ಕಾಲಿನ ಬಗ್ಗೆ ಮಾತು ಮಾತ್ರ ನನ್ನ ಬಾಯಿಂದ ಸುಮ್ಮನೆ ಬರುವುದಿಲ್ಲ.

ಮಾಬೂಸಾಬ ಆರು ತಿಂಗಳಿಗೊಮ್ಮೆ ಗಾಡಿ ತರುತ್ತಾನೆ. ನಗುತ್ತಾನೆ, ಚಹಾ ಕುಡಿಯುತ್ತಾನೆ, ಮಗಳ ಮದುವೆಗೆ ನನ್ನನ್ನು ಕರೆದಿದ್ದ, ಹೋಗಿ ಉಂಡು ಬಂದೆ. ಮೊದಲೆಲ್ಲ ಗಾಡಿ ಬಿಟ್ಟು ಪೇಟೆ ಸುತ್ತಿಕೊಂಡು ಬರುತ್ತಿದ್ದ. ಈಗ ನಾನು ಗಾಲಿ ಬಿಚ್ಚಲು ಶುರು ಮಾಡಿದರೆ ಪಕ್ಕದಲ್ಲೇ ನಿಲ್ಲುತ್ತಾನೆ. ನಾಲ್ಕನೇ ಡ್ರಮ್ ಹೊರಗೆ ಬರುವವರೆಗೂ ಅಲ್ಲಿಂದ ಕದಲುವುದಿಲ್ಲ.